ಜ್ವರ ಇಳಿದ ಮೇಲೆ: ಕೊನೆಗಳಿಗೆಯ ಪಶ್ಚಾತ್ತಾಪದ ಒಂದು ಪ್ರಕರಣ

ಸಾವಿನ ಹಾಸಿಗೆಯಲ್ಲಿ ಯೇಸುವನ್ನು ಕರೆದವರ ಕಥೆಗಳನ್ನು ಸಭೆಗಳಲ್ಲಿ ಸಾಕ್ಷಿಯಾಗಿ ಹೇಳುವುದುಂಟು. ಆ ಕಥೆಗಳಲ್ಲಿ ಹೆಚ್ಚಿನವರು ಪ್ರಾರ್ಥನೆ ಮುಗಿದ ಸ್ವಲ್ಪ ಹೊತ್ತಿಗೇ ತೀರಿಕೊಂಡಿರುತ್ತಾರೆ. ಹೇಳುವವರಿಗೂ ಕೇಳುವವರಿಗೂ ಇದರಿಂದ ಅನುಕೂಲವೇ, ಬದುಕಿದ್ದರೆ ಆ ಮನುಷ್ಯ ಮುಂದೇನು ಮಾಡುತ್ತಿದ್ದ ಎಂದು ಯಾರೂ ಕೇಳುವಂತಿಲ್ಲ. ಇಲ್ಲಿ ಬರೆಯುತ್ತಿರುವ ವ್ಯಕ್ತಿ ಇನ್ನೇನು ಹೋದರು ಅಂದುಕೊಂಡ ಮೇಲೂ ಕೆಲವು ವಾರ ಬದುಕಿದರು. ಈ ಪ್ರಕರಣದಲ್ಲಿ ಕಲಿಯಲು ಏನಾದರೂ ಇದ್ದರೆ ಅದು ಆ ವಾರಗಳಲ್ಲಿದೆ.

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಕಥೆಯಲ್ಲಿ ಒಬ್ಬ ತಮ್ಮನೂ ಬರುವುದರಿಂದ ಇವರನ್ನು ಅಣ್ಣ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಅಣ್ಣನಿಗೆ ಅರವತ್ತು ದಾಟಿತ್ತು. ಶಿಶುವಾಗಿದ್ದಾಗ ದೀಕ್ಷಾಸ್ನಾನ ಆಗಿತ್ತು, ಯೌವನದಲ್ಲಿ ಸಭೆಯಲ್ಲಿ ಚುರುಕಾಗಿಯೇ ಇದ್ದರು. ತಂದೆ ತೀರಿಕೊಂಡ ವರ್ಷದಿಂದ ಆರಾಧನೆಗೆ ಬರುವುದನ್ನು ಬಿಟ್ಟರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಹೆಂಡತಿಯನ್ನು ದೇವಾಲಯದ ಗೇಟಿನವರೆಗೆ ಬಿಟ್ಟು ಹೊರಟುಬಿಡುತ್ತಿದ್ದರು. ಕಾಣಿಕೆಯನ್ನು ಅವರ ಕೈಯಲ್ಲಿ ಕಳಿಸುತ್ತಿದ್ದರು, ಅದನ್ನು ಮಾತ್ರ ಒಮ್ಮೆಯೂ ತಪ್ಪಿಸಲಿಲ್ಲ. ದೇವರಿಲ್ಲ ಎಂದು ವಾದ ಮಾಡಿದವರಲ್ಲ. ಆ ವಿಷಯ ಬಂದರೆ ಎದ್ದು ಹೋಗುತ್ತಿದ್ದರು.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಯಕೃತ್ತಿಗೂ ಹರಡಿತ್ತು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಏರಿತು, ಸೋಂಕು ರಕ್ತಕ್ಕಿಳಿಯಿತು. ಚಳಿಜ್ವರ, ತಡಬಡ ಮಾತು. ಬರಬೇಕಾದವರಿಗೆಲ್ಲ ಹೇಳಿಬಿಡಿ ಎಂದರು ವೈದ್ಯರು.

ಅದೇ ರಾತ್ರಿ ಹೆಂಡತಿಯ ಪ್ರಾರ್ಥನಾ ಗುಂಪಿನ ಒಬ್ಬ ಯುವ ಸೇವಕರು ಬಂದು ಪಾಪಿಯ ಪ್ರಾರ್ಥನೆಯನ್ನು, ಅಂದರೆ ಪಾಪ ಒಪ್ಪಿಕೊಂಡು ಯೇಸುವನ್ನು ರಕ್ಷಕನೆಂದು ಸ್ವೀಕರಿಸುವ ಚಿಕ್ಕ ಪ್ರಾರ್ಥನೆಯನ್ನು, ತುಂಡು ತುಂಡಾಗಿ ಹೇಳಿಕೊಟ್ಟರು. ಅಣ್ಣ ಹಿಂದೆಯೇ ಹೇಳಿದರು. ಆಮೆನ್ ಆದಾಗ ಕೋಣೆಯಲ್ಲಿದ್ದವರೆಲ್ಲ ಅತ್ತರು. ಒಂದು ಆತ್ಮ ರಕ್ಷಣೆ ಹೊಂದಿತು ಎಂಬ ಸಂದೇಶ ಗುಂಪಿನ ಫೋನುಗಳಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮಗ ಮಾತ್ರ, "ನಲವತ್ತು ವರ್ಷ ಬೇಡವಾಗಿದ್ದು ನಲವತ್ತು ಸೆಕೆಂಡಿನಲ್ಲಿ ಬೇಕಾಯಿತಾ?" ಎಂದು ಕೇಳಿ ಹೊರಗೆ ಹೋದ.

ಬೆಳಗಿನ ಜಾವ ಹೆಂಡತಿ ಪಾದ್ರಿಯಾದ ನನಗೆ ಫೋನ್ ಮಾಡಿದರು. ಅಣ್ಣ ನಿದ್ದೆ ಮಾಡಿರಲಿಲ್ಲ. "ಅದು ಹತ್ತಿತಾ? ಸರಿಯಾಗಿ ಹೇಳಿದೆನಾ? ಇನ್ನೊಂದು ಸಲ ಹೇಳಿಸಿ" ಎಂದು ರಾತ್ರಿಯಿಡೀ ಕೇಳುತ್ತಿದ್ದರಂತೆ.

ಸಮಸ್ಯೆ ಎಲ್ಲಿತ್ತು

ಒಂದೇ ಕೋಣೆಯಲ್ಲಿ ಮೂವರು ಮೂರು ಪ್ರಶ್ನೆ ಹಿಡಿದುಕೊಂಡಿದ್ದರು. ಗಂಡನಿಗೆ ರಕ್ಷಣೆ ಸಿಕ್ಕಿತೇ ಎಂಬುದು ಹೆಂಡತಿಯ ಪ್ರಶ್ನೆ. ಇದು ನ್ಯಾಯವೇ ಎಂಬುದು ಮಗನದು. ಅಣ್ಣನದು ಎರಡಕ್ಕಿಂತಲೂ ಬೇರೆ, ಮಾಡಿದ ಪ್ರಾರ್ಥನೆ ಕೆಲಸ ಮಾಡಿತೇ ಎಂಬುದು.

ರಕ್ಷಣೆಯ ನಂಬಿಕೆಯಲ್ಲಿ ಮೂರು ಅಂಶಗಳಿವೆ ಎಂದು ಪ್ರೊಟೆಸ್ಟಂಟರಲ್ಲಿ ಸುಧಾರಣಾ ಪರಂಪರೆಯವರು ಕಲಿಸುತ್ತ ಬಂದಿದ್ದಾರೆ: ಸುವಾರ್ತೆ ಏನೆಂಬ ತಿಳಿವಳಿಕೆ, ಅದು ನಿಜವೆಂಬ ಒಪ್ಪಿಗೆ, ಕ್ರಿಸ್ತನ ಮೇಲೆ ಭಾರ ಹಾಕುವ ಭರವಸೆ. ಆ ಪರಂಪರೆಯ ಬೋಧನೆಯನ್ನು ಬರೆದಿಟ್ಟ 1646ರ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಪ್ರಮಾಣದ 14ನೇ ಅಧ್ಯಾಯ ಹೇಳುವುದೂ ಇದನ್ನೇ: ಈ ನಂಬಿಕೆಯ ಮುಖ್ಯ ಕೆಲಸ ಕ್ರಿಸ್ತನೊಬ್ಬನನ್ನೇ ಅಂಗೀಕರಿಸಿ ಆತನಲ್ಲೇ ನೆಲೆಯೂರುವುದು. ಅಣ್ಣನಿಗೆ ಮೊದಲ ಎರಡೂ ಇದ್ದವು, ಬಾಲ್ಯದಿಂದಲೂ. ಮೂರನೆಯದರ ಜಾಗದಲ್ಲಿ ಆ ರಾತ್ರಿ ಒಂದು ಪ್ರಾರ್ಥನೆ ಬಂದು ಕೂತಿತ್ತು. ಪ್ರಾರ್ಥನೆ ಕೇಳುವಾತನ ಮೇಲೆ ಹಾಕಬೇಕಾದ ಭಾರವನ್ನು ಅವರು ಪ್ರಾರ್ಥನೆಯ ಮಾತುಗಳ ಮೇಲೆ ಹಾಕಿದ್ದರು. ಹಾಗಾದಾಗ ಉಚ್ಚಾರವೂ ಸರಿಯಿರಬೇಕಾಗುತ್ತದೆ, ಒಂದು ಸಾಲು ತಪ್ಪಿದರೆ ಎಲ್ಲವೂ ಹೋಯಿತು ಎನಿಸುತ್ತದೆ. ಯುವ ಸೇವಕರ ಉದ್ದೇಶ ಒಳ್ಳೆಯದೇ. ಆದರೆ ಆಮೆನ್ ಆದ ಕೂಡಲೇ ಎಲ್ಲರೂ ಮನೆಗೆ ಹೋದರು. ಅಣ್ಣ ಅದೇ ಹಾಸಿಗೆಯಲ್ಲಿ, ಅದೇ ಹೆದರಿಕೆಯ ಜೊತೆ ಉಳಿದರು.

ಏನು ಮಾಡಿದೆವು

ಪ್ರಾರ್ಥನೆಯನ್ನು ಮತ್ತೆ ಹೇಳಿಸುವುದು ಬೇಡ ಎಂಬುದು ನನ್ನ ಮೊದಲ ತೀರ್ಮಾನ. ಅವರು ಬೇಡಿಕೊಂಡರೂ ಹೇಳಿಸಲಿಲ್ಲ. ಲೂಕ 23ನೇ ಅಧ್ಯಾಯ ತೆಗೆದು ಶಿಲುಬೆಯ ಮೇಲಿನ ಕಳ್ಳನ ಭಾಗ ಓದಿದೆ. ಕಥೆ ಅವರಿಗೆ ಗೊತ್ತಿತ್ತು. "ಅವನು ಏನೂ ಮಾಡಲಿಲ್ಲ, ಅಲ್ಲವೇ?" ಎಂದರು.

ಹೌದು, ಏನೂ ಮಾಡಲಿಲ್ಲ, ಎಲ್ಲಾ ಕೃಪೆ ಎಂಬುದು ಇದಕ್ಕೆ ರೂಢಿಯ ಉತ್ತರ. ಅದರಲ್ಲಿ ತಪ್ಪಿಲ್ಲ. ಆದರೆ ವಚನಗಳನ್ನು ನಿಧಾನವಾಗಿ ಓದಿದರೆ ಇನ್ನೊಂದಿಷ್ಟು ಕಾಣುತ್ತದೆ. ಮತ್ತಾಯ ಮತ್ತು ಮಾರ್ಕರ ಪ್ರಕಾರ ಜೊತೆಗೆ ಶಿಲುಬೆಗೇರಿದ ಇಬ್ಬರೂ ಯೇಸುವನ್ನು ನಿಂದಿಸಿದ್ದರು. ಅಂದರೆ ಈ ಮನುಷ್ಯ ತಿರುಗಿಕೊಂಡದ್ದು ಆ ಕೆಲವೇ ತಾಸುಗಳ ಒಳಗೆ. ಕೈಕಾಲು ಆಡುವಂತಿಲ್ಲ. ಉಳಿದಿದ್ದು ನಾಲಿಗೆಯೊಂದೇ, ಅದನ್ನು ಆಡಿಸಬೇಕಾದರೂ ಉಸಿರು ಖರ್ಚಾಗುತ್ತದೆ. ಅದರಲ್ಲಿ ಅವನು ಜೊತೆಗಾರನನ್ನು ಗದರಿದ. ನಮಗಾಗುತ್ತಿರುವ ಶಿಕ್ಷೆ ನ್ಯಾಯವಾದದ್ದು ಎಂದು ಒಪ್ಪಿಕೊಂಡ. ಅಧಿಕಾರಿಗಳು ಹಾಸ್ಯ ಮಾಡುತ್ತಿರುವಾಗ, ಶಿಷ್ಯರು ಚದುರಿಹೋಗಿರುವಾಗ, ಈತ ಯಾವ ತಪ್ಪೂ ಮಾಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೊನೆಗೆ, ನನ್ನನ್ನು ನೆನಸಿಕೋ ಎಂದು ಬೇಡಿದ. ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂಬ ಯೇಸುವಿನ ಮಾತು ಆ ಬೇಡಿಕೆಗೆ ಸಿಕ್ಕ ಉತ್ತರ, ಹಿಂದಿನ ಮೂರಕ್ಕೆ ಕೊಟ್ಟ ಕೂಲಿಯಲ್ಲ. ಆದರೂ ಅವನಲ್ಲಿ ಬಿಡುವಾಗಿದ್ದ ಒಂದೇ ಅಂಗ ಪೂರ್ತಿಯಾಗಿ ತಿರುಗಿಕೊಂಡಿತ್ತು.

ಇಷ್ಟನ್ನು ಸುಮ್ಮನೆ ವಿವರಿಸಿ, "ಅವನ ಕೈಗೆ ಮೊಳೆ ಹೊಡೆದಿದ್ದರು" ಎಂದೆ. ಬೇರೆ ಯಾವ ಅರ್ಥವನ್ನೂ ಇಟ್ಟುಕೊಂಡು ಹೇಳಿದ ಮಾತಲ್ಲ. ಅಣ್ಣ ತಮ್ಮ ಬಲಗೈ ಎತ್ತಿ ನೋಡಿಕೊಂಡರು. ಹಳದಿಗಟ್ಟಿದ ಚರ್ಮ, ಸೂಜಿ ಸರಿಯದಂತೆ ಅಂಟಿಸಿದ ಪಟ್ಟಿ, ಅದರ ಅಂಚಿನಲ್ಲಿ ಒಣಗಿದ ರಕ್ತ. ಬೆರಳುಗಳನ್ನು ಮಡಚಿ ಬಿಡಿಸಿದರು. "ನನ್ನ ಕೈಗೆ ಮೊಳೆ ಇಲ್ಲ" ಎಂದರು. ಹೆಂಡತಿಗೆ ಸ್ವಲ್ಪ ಹೊರಗಿರಲು ಹೇಳಿದರು.

ಆಮೇಲೆ ಅವರು ನನಗೆ ಹೇಳಿದ್ದು ಇದು. ತಂದೆ ತೀರಿಕೊಂಡಾಗ ತಮ್ಮ ದೂರದಲ್ಲಿ ಕೆಲಸದಲ್ಲಿದ್ದ. ಆಸ್ತಿಯಲ್ಲಿ ತನಗೆ ಪಾಲು ಬೇಡ ಎಂದು ತಮ್ಮ ಬರೆದುಕೊಟ್ಟಂತೆ ಒಂದು ಪತ್ರ ತಯಾರಾಯಿತು. ಅದರಲ್ಲಿ ತಮ್ಮನ ಸಹಿ ಹಾಕಿದ್ದು ಅಣ್ಣನೇ. ತಮ್ಮನಿಗೆ ಅನುಮಾನ ಬಂದಿತ್ತು, ಹಣವಿಲ್ಲದ್ದರಿಂದ ಕೋರ್ಟಿಗೆ ಹೋಗಲಿಲ್ಲ. ಮುಂದಿನ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರದ ಭಾನುವಾರ ಅಣ್ಣ ಮೇಜಿನವರೆಗೆ ಹೋಗಿ ವಾಪಸ್ ಬಂದರು. ಮತ್ತೆ ದೇವಾಲಯದೊಳಗೆ ಕಾಲಿಡಲಿಲ್ಲ. ದಶಕಗಳಿಂದ ಎಲ್ಲರೂ ಉದಾಸೀನ ಅಂದುಕೊಂಡಿದ್ದು ಅಸಲಿಗೆ ಮನಸ್ಸಾಕ್ಷಿಯ ಚುಚ್ಚುವಿಕೆ.

ಇಲ್ಲಿ ಎರಡು ಸುಲಭದ ದಾರಿಗಳಿದ್ದವು. ಎಲ್ಲವೂ ಯೇಸುವಿನ ರಕ್ತದ ಅಡಿಯಲ್ಲಿದೆ, ಹಳೆಯದನ್ನು ಮರೆತುಬಿಡಿ ಎನ್ನುವುದು ಒಂದು. ಜಮೀನು ಹಿಂದಿರುಗಿಸಿ, ಆಮೇಲೆ ದೇವರು ಕ್ಷಮಿಸುತ್ತಾನೆ ಎನ್ನುವುದು ಇನ್ನೊಂದು. ಮೊದಲನೆಯದು ತಮ್ಮನ ಖರ್ಚಿನಲ್ಲಿ ಅಣ್ಣನಿಗೆ ಸಮಾಧಾನ ಕೊಡುತ್ತದೆ. ಎರಡನೆಯದು ಕ್ಷಮೆಗೆ ಬೆಲೆಚೀಟಿ ಅಂಟಿಸುತ್ತದೆ. ಲೂಕ 19ರಲ್ಲಿ ಸುಂಕದವನಾದ ಜಕ್ಕಾಯನ ಕಥೆಯ ಕ್ರಮವನ್ನು ಗಮನಿಸಬೇಕು. ಯೇಸು ಮೊದಲು ಅವನ ಮನೆಗೆ ಹೋಗುತ್ತಾನೆ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಎಂದು ಜಕ್ಕಾಯ ಎದ್ದು ನಿಂತು ಹೇಳುವುದು ಅದಾದ ಮೇಲೆ. ನಾನು ಅಣ್ಣನಿಗೆ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದೆ: ಕ್ಷಮೆ ಬಿಟ್ಟಿ, ಜಮೀನು ತಮ್ಮನದು.

ಮಧ್ಯಾಹ್ನ ಅವರು ಕರ್ತನ ಭೋಜನ ಕೇಳಿದರು. ನನ್ನ ಸಹಸೇವಕರೊಬ್ಬರು ಬೇಡವೆಂದರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಮತ್ತಾಯ 5ರ ಮಾತು ಅವರ ಆಧಾರ. ಗಟ್ಟಿಯಾದ ಆಧಾರವೇ. ಆದರೆ ಸಾಯುತ್ತಿರುವವನಿಗೆ ಕೊನೆಯ ಪ್ರಯಾಣದ ಬುತ್ತಿಯನ್ನು, ಅಂದರೆ ಕರ್ತನ ಭೋಜನವನ್ನು, ನಿರಾಕರಿಸಬಾರದು ಎಂದು ಬಿಷಪರು ಸೇರಿದ್ದ 325ರ ನೈಸಿಯಾ ಸಮ್ಮೇಳನದ 13ನೇ ನಿಯಮ ಹೇಳಿದೆ. ತಮ್ಮ ಬರುವ ತನಕ ಈತ ಇರುತ್ತಾನೋ ಇಲ್ಲವೋ ಗೊತ್ತಿಲ್ಲದ ಸ್ಥಿತಿಯಲ್ಲಿ ನಾನು ಕೊಟ್ಟೆ.

ಸಂಜೆ ಅಣ್ಣ ತಾವೇ ಹೆಂಡತಿಗೂ ಮಗನಿಗೂ ವಿಷಯ ಹೇಳಿದರು. ಅವರ ಪರವಾಗಿ ನಾನು ಹೇಳುವುದಿಲ್ಲವೆಂದು ಮೊದಲೇ ತಿಳಿಸಿದ್ದೆ. ವಕೀಲರು ಬಂದರು. ರೋಗಿಗೆ ತಿಳಿವಳಿಕೆ ಸ್ಪಷ್ಟವಾಗಿದೆ ಎಂದು ವೈದ್ಯರಿಂದ ಬರೆಸಿಕೊಂಡರು. ಅಣ್ಣ ಒಂದು ಹೇಳಿಕೆಗೆ ಸಹಿ ಮಾಡಿದರು. ಉಳಿದ ದಸ್ತಾವೇಜು ತಯಾರಾಗಬೇಕಿತ್ತು. ಸ್ವಲ್ಪ ಪಾಲು ಸಭೆಗೂ ಇರಲಿ ಎಂದು ಹೆಂಡತಿ ಹೇಳಿದಾಗ ಬೇಡವೆಂದೆ, ಸಾಕ್ಷಿಯಾಗಿ ಸಹಿ ಹಾಕಲೂ ಒಪ್ಪಲಿಲ್ಲ. ಸಾವಿನ ಹಾಸಿಗೆಯ ಕಾಗದಗಳನ್ನು ಒತ್ತಾಯದಿಂದ ಬರೆಸಿದ್ದು ಎಂದು ಪ್ರಶ್ನಿಸುವುದು ಸಾಮಾನ್ಯ. ಪಾದ್ರಿಯ ಹೆಸರು ಅದರಲ್ಲಿ ಎಲ್ಲಿಯೂ ಇರದಿರುವುದೇ ಎಲ್ಲರಿಗೂ ಕ್ಷೇಮ.

ಜ್ವರ ಇಳಿಯಿತು

ವೈದ್ಯರು ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರು, ಔಷಧಿಯೂ ನಾಟಿತು. ಸೋಂಕು ತಗ್ಗಿತು, ಕಣ್ಣಿನ ಹಳದಿ ತಿಳಿಯಾಯಿತು. ಕ್ಯಾನ್ಸರ್ ಇದ್ದಲ್ಲೇ ಇತ್ತು, ಆದರೆ ಅಣ್ಣ ಎದ್ದು ಕೂತರು, ಮನೆಗೆ ಬಂದರು, ಪತ್ರಿಕೆ ಓದತೊಡಗಿದರು, ದಿಂಬಿನ ಬಗ್ಗೆ ತಕರಾರು ತೆಗೆದರು. ಎಲ್ಲರೂ ದೇವರಿಗೆ ಸ್ತೋತ್ರ ಹೇಳಿದರು. ಸ್ವಲ್ಪ ದಿನದಲ್ಲೇ ಹೆಂಡತಿಯಿಂದ ಫೋನ್ ಬಂತು: ದಸ್ತಾವೇಜನ್ನು ಸದ್ಯಕ್ಕೆ ತಡೆಹಿಡಿಯಿರಿ ಎಂದು ಅಣ್ಣ ವಕೀಲರಿಗೆ ಹೇಳಿದ್ದಾರೆ.

ಹೋದೆ. "ಜ್ವರದಲ್ಲಿ ಏನೇನೋ ಹೇಳಿಬಿಟ್ಟೆ ಪಾದ್ರಿಗಳೇ" ಎಂದರು.

ಇಂಥ ಮನುಷ್ಯನನ್ನು ಕ್ರೈಸ್ತ ಸಭೆ 1700 ವರ್ಷಗಳ ಹಿಂದೆಯೇ ನೋಡಿದೆ. ನಾಲ್ಕನೇ ಶತಮಾನದಲ್ಲಿ ದೀಕ್ಷಾಸ್ನಾನವನ್ನು ಸಾಯುವ ತನಕ ಮುಂದೂಡುವವರು ಬಹಳ ಮಂದಿ ಇದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು. ಅದೇ ಶತಮಾನದ ಆರಂಭದ ನಿಯೊಸಿಸೇರಿಯಾ ಸಮ್ಮೇಳನದ ಒಂದು ನಿಯಮದ ಪ್ರಕಾರ, ಕಾಯಿಲೆಯಲ್ಲಿ ದೀಕ್ಷಾಸ್ನಾನ ಪಡೆದವನನ್ನು ಸಾಮಾನ್ಯವಾಗಿ ಸಭಾಹಿರಿಯನಾಗಿ ನೇಮಿಸುವಂತಿಲ್ಲ. ಅವನ ನಂಬಿಕೆ ಸ್ವಂತ ಆಯ್ಕೆಯಿಂದ ಬಂದದ್ದಲ್ಲ, ಅನಿವಾರ್ಯದಿಂದ ಬಂದದ್ದು ಎಂಬುದು ಕಾರಣ. ಮುಂದೆ ಅವನು ಆಸಕ್ತಿ ತೋರಿದರೆ ವಿನಾಯಿತಿ ಉಂಟು. ನಾನು ಮೇಲೆ ಹೇಳಿದ ನೈಸಿಯಾದ ನಿಯಮಕ್ಕೂ ಒಂದು ಬಾಲವಿದೆ: ಸಾಯುತ್ತಾನೆಂದು ಬುತ್ತಿ ಕೊಟ್ಟವನು ಚೇತರಿಸಿಕೊಂಡರೆ, ಪ್ರಾರ್ಥನೆಯಲ್ಲಿ ಮಾತ್ರ ಭಾಗವಹಿಸುವವರ ಸಾಲಿಗೆ ಅವನನ್ನು ಸೇರಿಸಬೇಕು. ಬುತ್ತಿ ಕೊಟ್ಟದ್ದು ತಪ್ಪೆಂದು ಅದರ ಅರ್ಥವಲ್ಲ. ಇವನ ಕಥೆ ಇನ್ನೂ ಮುಗಿದಿಲ್ಲ ಎಂದಷ್ಟೇ. ಅನುಮಾನವನ್ನು ಮಿತಿಮೀರಿ ಬೆಳೆಸಿದವರೂ ಇದ್ದರು. ಸಾಯುವವರಿಗೆ ಪಶ್ಚಾತ್ತಾಪದ ಅವಕಾಶವನ್ನೇ ನಿರಾಕರಿಸುತ್ತಿದ್ದ ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಕಡೆಯ) ಕೆಲವರನ್ನು 428ರಲ್ಲಿ ಪೋಪ್ ಒಂದನೇ ಸೆಲೆಸ್ಟೀನ್ ಪತ್ರ ಬರೆದು ಖಂಡಿಸಬೇಕಾಯಿತು.

ಅಣ್ಣನ ಮನೆಯಲ್ಲೂ ಎರಡೂ ಪಕ್ಷದವರಿದ್ದರು. "ನಾನು ಅವತ್ತೇ ಹೇಳಿದ್ದೆ" ಎಂದ ಮಗ. ಪ್ರಾರ್ಥನೆ ಆಗಿದೆ, ರಕ್ಷಣೆ ಖಚಿತ, ಕಾಗದದ ವಿಷಯ ಬೇರೆ ಎಂದರು ಯುವ ಸೇವಕರು. ಎರಡೂ ನನಗೆ ಅವಸರದ ತೀರ್ಪು ಎನಿಸಿತು.

ಜಮೀನು ವಾಪಸಾದರೆ ಪಶ್ಚಾತ್ತಾಪ ನಿಜ, ಆಗದಿದ್ದರೆ ಸುಳ್ಳು ಎಂದು ಅಳೆಯಲು ನನಗೂ ಆಸೆಯಿತ್ತು. ಆದರೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಅಡ್ಡ ಬಂದ. ಮತ್ತಾಯ 27ನ್ನು ಓದಿ ನೋಡಿ. ಯೂದ ತಪ್ಪು ಒಪ್ಪಿಕೊಂಡ, ನಿರಪರಾಧಿಯನ್ನು ಹಿಡಿದುಕೊಟ್ಟೆ ಎಂದ, 30 ಬೆಳ್ಳಿ ನಾಣ್ಯಗಳನ್ನೂ ಹಿಂದಿರುಗಿಸಿದ. ಪಟ್ಟಿ ಹಿಡಿದು ನೋಡಿದರೆ ಕಳ್ಳನಿಗಿಂತ ಹೆಚ್ಚೇ ಮಾಡಿದ. ಆದರೆ ಹೋದದ್ದು ಮಹಾಯಾಜಕರ ಬಳಿಗೆ, ಯೇಸುವಿನ ಕಡೆಗಲ್ಲ. ಕಳ್ಳ ಏನನ್ನೂ ಹಿಂದಿರುಗಿಸಲಿಲ್ಲ, ಆದರೆ ಯೇಸುವಿನ ಕಡೆಗೆ ತಿರುಗಿದ. ಜಕ್ಕಾಯ ಎರಡನ್ನೂ ಮಾಡಿದ. ಹಾಗಾಗಿ ಜಮೀನಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಅದನ್ನೇ ಕೇಳಿದೆ: "ಜ್ವರದ ಜೊತೆ ಹೆದರಿಕೆ ಇಳಿಯಿತು, ಸರಿ. ಯೇಸು?"

ಸಿಟ್ಟು ಬಂತು. ಹೊರಡಿ ಎಂದರು, ಹೊರಟೆ.

ಹಲವು ದಿನ ಸುದ್ದಿಯಿಲ್ಲ. ಹೆಂಡತಿ ಒತ್ತಾಯಿಸಿದರೂ ನಾನಾಗಿ ಹೋಗಲಿಲ್ಲ. ಒತ್ತಡದಲ್ಲಿ ಬಂದ ತೀರ್ಮಾನವನ್ನು ಇನ್ನೊಂದು ಒತ್ತಡದಿಂದ ಗಟ್ಟಿಮಾಡಲಾಗದು. ಒಂದು ದಿನ ಅವರೇ ಕರೆದರು. ಅವರ ಮಾತನ್ನು ನೆನಪಿದ್ದಷ್ಟು ಅವರದೇ ಧಾಟಿಯಲ್ಲಿ ಕೊಡುತ್ತೇನೆ: "ಆಸ್ಪತ್ರೆಯಲ್ಲಿ ನರಕದ ಭಯ ಇತ್ತು. ಈಗ ಇಲ್ಲ. ಪ್ರಾರ್ಥನೆಯೂ ನಿಂತುಹೋಗುತ್ತದೆ ಅಂದುಕೊಂಡಿದ್ದೆ, ನಿಲ್ಲುತ್ತಿಲ್ಲ. ಕೂತರೆ ಮಾತಾಡಬೇಕು ಅನಿಸುತ್ತದೆ. ಮಾತಾಡಲು ಹೋದರೆ ತಮ್ಮನ ಹೆಸರು ಬರುತ್ತದೆ."

ಈ ಪ್ರಕರಣದ ನಿಜವಾದ ತಿರುವು ಇದೇ ಎಂದು ನನ್ನ ಎಣಿಕೆ. ಹೆದರಿಸುವುದು ಏನೂ ಇಲ್ಲದಿದ್ದಾಗಲೂ ಆ ಮನುಷ್ಯ ಯೇಸುವಿನ ಜೊತೆ ಮಾತಾಡಲು ಕೂರುತ್ತಿದ್ದ. ಆಸ್ಪತ್ರೆಯ ಪ್ರಾರ್ಥನೆ ಹುಸಿಯಾಗಿತ್ತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಹೆದರಿಕೆಯ ಹೊಟ್ಟಿನೊಳಗೆ ಕಾಳೂ ಇತ್ತು ಎಂಬುದು ಈಗ ಅವರಿಗೇ ಕಂಡಿತು.

ಮರುದಿನ ಅಣ್ಣ ತಾವೇ ತಮ್ಮನಿಗೆ ಫೋನ್ ಮಾಡಿದರು.

ಆದದ್ದು

ಒಪ್ಪಂದ ಪೂರ್ತಿ ಸುಂದರವಾಗಿರಲಿಲ್ಲ. ಹೆಂಡತಿ ಬದುಕಿರುವವರೆಗೆ ಮನೆ ಅವರಿಗೇ ಇರಲಿ, ಜಮೀನಿನ ಪಾಲು ಈಗಲೇ ತಮ್ಮನಿಗೆ ಎಂದಾಯಿತು. ಇಷ್ಟು ವರ್ಷದ ಆದಾಯದ ಲೆಕ್ಕವನ್ನು ಯಾರೂ ಎತ್ತಲಿಲ್ಲ. ಜಕ್ಕಾಯನ ನಾಲ್ಕರಷ್ಟು ಹಾಗಿರಲಿ, ಅಸಲೂ ಪೂರ್ತಿ ತೀರಲಿಲ್ಲ. ತಮ್ಮ ತನ್ನದೇ ವಕೀಲರನ್ನು ಕರೆದುಕೊಂಡು ಬಂದು ಪ್ರತಿ ಪುಟ ಓದಿ ಸಹಿ ಹಾಕಿದರು. ಅಣ್ಣ ಎಲ್ಲರೆದುರು ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದರು. "ಕಾಗದ ಸರಿಯಿದೆ" ಎಂದರು ತಮ್ಮ, ಅಷ್ಟೇ ಹೇಳಿ ಹೊರಟರು. ಅಪ್ಪುಗೆಯ ನಿರೀಕ್ಷೆಯಲ್ಲಿದ್ದ ಅಣ್ಣನಿಗೆ ಅದು ಬಹಳ ನೋವು ಕೊಟ್ಟಿತು. ತಮ್ಮನ ಕ್ಷಮೆ ನೀವು ವಸೂಲಿ ಮಾಡಬಹುದಾದ ಸಾಲವಲ್ಲ ಎಂದು ಹೇಳಬೇಕಾಯಿತು.

ಕಾಮಾಲೆ ಮರಳಿತು. ಕೊನೆಯ ದಿನಗಳು ನೋವಿನ ಔಷಧಿಯ ಮಂಪರಿನಲ್ಲಿ ಕಳೆದವು. ನೆನಪಿಡುವಂಥ ಕೊನೆಯ ಮಾತು ಯಾವುದೂ ಇರಲಿಲ್ಲ. ತಮ್ಮ ಶವಸಂಸ್ಕಾರಕ್ಕೆ ಬರಲಿಲ್ಲ.

ಸಂಸ್ಕಾರದ ದಿನ, ಅಣ್ಣ ಪರದೈಸಿನಲ್ಲಿದ್ದಾರೆ ಎಂದು ಘೋಷಿಸಬೇಕೆಂದು ಪ್ರಾರ್ಥನಾ ಗುಂಪಿನವರು ಬಯಸಿದ್ದರು. ನೋಡಿದ್ದನ್ನಷ್ಟೇ ಹೇಳಿದೆ: ಯೇಸುವನ್ನು ಕರೆದರು, ಹಿಂಜರಿದರು, ಮತ್ತೆ ಕರೆದರು, ಕೈಲಾದದ್ದನ್ನು ಹಿಂದಿರುಗಿಸಿದರು. ಕರೆದವರನ್ನು ಕರ್ತನು ತಳ್ಳುವುದಿಲ್ಲವೆಂಬ ವಾಗ್ದಾನವನ್ನೂ ಓದಿದೆ. ಹೃದಯ ನೋಡುವ ಕೆಲಸ ನನ್ನದಲ್ಲ.

ಮಗನ ಮಾತು ಮಾತ್ರ ಈಗಲೂ ಕೊರೆಯುತ್ತದೆ. "ಅಪ್ಪನ ಪಶ್ಚಾತ್ತಾಪಕ್ಕೆ ದುಡ್ಡು ಕೊಟ್ಟವನು ನಾನು" ಎಂದ. ಲೆಕ್ಕದಲ್ಲಿ ತಪ್ಪಿಲ್ಲ. ಮತ್ತಾಯ 20ರ ಸಾಮ್ಯದಲ್ಲಿ ಸಂಜೆ ಐದಕ್ಕೆ ಬಂದವರಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನ ತನ್ನ ಜೇಬಿನಿಂದ ಕೊಟ್ಟ. ಲೂಕ 15ರಲ್ಲಿ, ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಕಿರಿಯ ಮಗನ ಸಾಮ್ಯದಲ್ಲಿ ಹಾಗಿಲ್ಲ. ಅಲ್ಲಿ ಆಸ್ತಿ ಆಗಲೇ ಪಾಲಾಗಿದೆ, ನನ್ನದೆಲ್ಲಾ ನಿನ್ನದೇ ಎಂದು ತಂದೆಯೇ ದೊಡ್ಡ ಮಗನಿಗೆ ಹೇಳುತ್ತಾನೆ. ಅಂದರೆ ಕಿರಿಯವನು ಮರಳಿದ ಸಂತೋಷಕ್ಕೆ ಕೊಯ್ದ ಕೊಬ್ಬಿದ ಕರುವೂ ಒಂದು ರೀತಿಯಲ್ಲಿ ದೊಡ್ಡವನ ಪಾಲಿನದೇ. ಹಿರಿಯ ಮಗನ ಸಿಟ್ಟಿನ ಮೇಲೆ ಉಪದೇಶ ಮಾಡುವಾಗ ನಾವು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊನೆಗಳಿಗೆಯಲ್ಲಿ ಒಬ್ಬ ತಿರುಗಿಕೊಂಡಾಗ ಬಿಲ್ಲು ಬರುವುದು ಬದುಕಿರುವವರಿಗೆ. ಮಗನ ಜೊತೆಗಿನ ಕೆಲಸ ಇನ್ನೂ ನಡೆದಿದೆ.

ಮುಂದಿನ ಸಲ ಇಂಥ ಹಾಸಿಗೆಯ ಬಳಿ ಹೋಗುವವರಿಗೆ

ಇದನ್ನು ಒಬ್ಬ ಕಥೋಲಿಕ ಗುರುಗಳೊಂದಿಗೆ ಚರ್ಚಿಸಿದೆ. ಅವರ ಪದ್ಧತಿಯಲ್ಲಾದರೆ ಈ ಪಾಪನಿವೇದನೆ ಗೌಪ್ಯತೆಯ ಮುದ್ರೆಯೊಳಗೇ ಉಳಿಯುತ್ತಿತ್ತು, ಗುರುಗಳು ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಹಿಂದಿರುಗಿಸುವ ಮನಸ್ಸಿದ್ದರೆ ಪಾಪವಿಮೋಚನೆ ಸಿಗುತ್ತಿತ್ತು, ಹಿಂದಿರುಗಿಸುವ ಹೊಣೆ ಆಮೇಲೂ ಹಾಗೇ ಇರುತ್ತಿತ್ತು. ಸಾವಿನ ಅಪಾಯದಲ್ಲಿ ಯಾವ ಗುರುವಾದರೂ ವಿಮೋಚನೆ ಕೊಡಬಹುದೆಂದು 1983ರ ಅವರ ಧರ್ಮಸಭಾ ಸಂಹಿತೆ ಹೇಳುತ್ತದೆ. ನರಕದ ಹೆದರಿಕೆಯಿಂದ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ದೇವರ ವರವೇ, ಅದು ಪಾಪನಿವೇದನೆಯ ಸಂಸ್ಕಾರದ ಕೃಪೆಗೆ ಮನಸ್ಸನ್ನು ಅಣಿಮಾಡುತ್ತದೆ ಎಂದು ಕಥೋಲಿಕರ ಟ್ರೆಂಟ್ ಸಮ್ಮೇಳನ 1551ರಲ್ಲಿ ಹೇಳಿತ್ತು. "ಹೆದರಿಕೆಗೆ ನಾವು ನಿಮಗಿಂತ ಸ್ವಲ್ಪ ಹೆಚ್ಚು ಮರ್ಯಾದೆ ಕೊಡುತ್ತೇವೆ" ಎಂದು ನಕ್ಕರು. ಅಣ್ಣನನ್ನು ನೋಡಿದ ಮೇಲೆ ಆ ಮಾತನ್ನು ತಳ್ಳಿಹಾಕಲು ನನಗೆ ಧೈರ್ಯವಿಲ್ಲ. ಹೆದರಿಕೆ ಅವರನ್ನು ಬಾಗಿಲ ತನಕ ತಂದಿತು. ಅದು ತಂದಿತೆಂಬ ಕಾರಣಕ್ಕೆ ಬಾಗಿಲು ಸುಳ್ಳಾಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ನಿಲುವು ಗಟ್ಟಿಯಾಗಿದೆ. ಈ ಪಶ್ಚಾತ್ತಾಪ ನಿಜವೇ ಎಂದು ಸಾಯುತ್ತಿರುವವರನ್ನು ಪರೀಕ್ಷಿಸುವುದು ವ್ಯರ್ಥ. ಅವರಿಗೇ ಅದು ಗೊತ್ತಿರುವುದಿಲ್ಲ. ಯೇಸುವನ್ನು ತೋರಿಸಿ, ಆಮೇಲೆ ಅವರ ಕೈಯಲ್ಲಿ ಇನ್ನೂ ಏನು ಉಳಿದಿದೆ ಎಂದು ನೋಡಿ. ಕೆಲವರಿಗೆ ಉಳಿದಿರುವುದು ಒಂದು ಸಹಿ, ಕೆಲವರಿಗೆ ಒಂದು ಫೋನ್ ಕರೆ, ಕೆಲವರಿಗೆ ಬರಿಯ ನಾಲಿಗೆ. ಚೇತರಿಸಿಕೊಂಡವರನ್ನು ಬಿಟ್ಟುಬಿಡಬೇಡಿ. ತೀವ್ರ ನಿಗಾ ಘಟಕದಲ್ಲಿ ಹತ್ತು ಮಂದಿ ಪ್ರಾರ್ಥಿಸಿದ್ದರು, ಮನೆಗೆ ಬಂದ ಮೇಲೆ ಅಣ್ಣನನ್ನು ಕೇಳುವವರು ಇರಲಿಲ್ಲ.

ಮಾತು ನಿಂತವರ ವಿಷಯದಲ್ಲಿ ಈ ಪ್ರಕರಣದಿಂದ ಹೆಚ್ಚೇನೂ ಸಿಗದು. ಪ್ರಜ್ಞೆಯಿಲ್ಲದ ರೋಗಿಯ ಕೈ ಹಿಡಿದು, ಬೆರಳು ಒತ್ತಿದರೆ ಒಪ್ಪಿದಂತೆ ಎಂದು ಲೆಕ್ಕ ಹಾಕುವುದನ್ನು ನೋಡಿದ್ದೇನೆ. ನಾನು ಅದನ್ನು ಮಾಡುವುದಿಲ್ಲ. ಕೇಳಿಸುತ್ತಿದೆ ಎಂದೇ ಭಾವಿಸಿ ಲೂಕ 23ನ್ನು ಗಟ್ಟಿಯಾಗಿ, ನಿಧಾನವಾಗಿ ಓದುತ್ತೇನೆ. ಉತ್ತರ ಬಂತೇ ಎಂದು ಮನೆಯವರು ಕೇಳಿದರೆ, ಓದಿದ್ದೇನೆ ಎಂದು ಹೇಳುತ್ತೇನೆ.